ಮೈಸೂರಿನ ನೌಕಾಬಲ: ಆಧಾರಗಳ ಒಂದು ವಿಮರ್ಶೆ

ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಆಳಿಕೆಯ ಬಗೆಗೆ ಬಂದಿರುವಷ್ಟು ಬರಹಗಳು ಮೈಸೂರಿನ ಇತಿಹಾಸದ ಬೇರಾವ ಘಟ್ಟದ ಬಗೆಗೂ ಬಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಆದರೂ ಆ ಬರಹಗಳಲ್ಲಿ ಒಂದು ವಿಷಯವು ಪರೀಕ್ಷೆಗೆ ಒಳಗಾಗದೆಯೇ ಒಂದು ಪುಸ್ತಕದಿಂದ ಇನ್ನೊಂದಕ್ಕೆ ದಾಟುತ್ತ ಬಂದಿದೆ. ಅದು ಮೈಸೂರಿನ ನೌಕಾಬಲದ ವಿಷಯ. ಯಶವಂತಪುರದ ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಪ್ರತಿವರ್ಷವೂ ನನಗೆ ಕಾಣಸಿಗುವ ವಾಕ್ಯ ಒಂದಿದೆ: ಟಿಪ್ಪು ಸುಲ್ತಾನನ ಬಳಿ ನಲವತ್ತು ಯುದ್ಧನೌಕೆಗಳಿದ್ದುವು ಎಂಬುದು. ವಿದ್ಯಾರ್ಥಿಗಳನ್ನು ಇದಕ್ಕಾಗಿ ಆಕ್ಷೇಪಿಸುವುದು ನ್ಯಾಯವಲ್ಲ. ಅವರು ಓದುವ ಕಿರುಪುಸ್ತಕಗಳಲ್ಲಿಯೇ ಹಾಗಿದೆ. ಅವರಿಗೆ ಪಾಠ ಹೇಳುವ ನಾವೂ ಬಹುಕಾಲ ಹಾಗೆಯೇ ಹೇಳಿದ್ದೇವೆ. ಈ ವಾಕ್ಯ ಎಲ್ಲಿಂದ ಬಂತು, ಅದರ ಮೂಲ ದಾಖಲೆಯು ನಿಜವಾಗಿ ಏನನ್ನು ಹೇಳುತ್ತದೆ, ಹೇಳದಿರುವುದೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂಲವು 1796ರ ನೌಕಾ ಹುಕುಮ್‌ನಾಮೆ. ಸುಲ್ತಾನನು ಆ ವರ್ಷ ತನ್ನ ಕರಾವಳಿಯ ಅಧಿಕಾರಿಗಳಿಗೆ ವಿವರವಾದ ಆಜ್ಞೆಯೊಂದನ್ನು ಹೊರಡಿಸಿದನು. ನೌಕಾವ್ಯವಹಾರಕ್ಕೆ ಪ್ರತ್ಯೇಕವಾದ ಒಂದು ಮಂಡಲಿ, ಅದರಲ್ಲಿ ಮೀರ್ ಯಮ್ ಎಂಬ ಹೆಸರಿನ ಹನ್ನೊಂದು ಮಂದಿ ಮೇಲಧಿಕಾರಿಗಳು, ಅವರ ಕೈಕೆಳಗೆ ಹಡಗುಗಳ ಜೊತೆ ಕಡಲಿಗೆ ಹೋಗತಕ್ಕ ಮೂವತ್ತು ಮಂದಿ ಮೀರ್ ಬಹರ್‌ಗಳು, ಮಂಗಳೂರು, ಮಿರ್ಜಾನ್, ಸದಾಶಿವಗಡ ಈ ಮೂರು ಕಡೆಗಳಲ್ಲಿ ಹಡಗು ಕಟ್ಟುವ ಅಂಗಳಗಳು, ಇವೆಲ್ಲವನ್ನೂ ಅದರಲ್ಲಿ ಕ್ರಮವಾಗಿ ನಿಯಮಿಸಿದೆ. ಕಟ್ಟಬೇಕಾದ ಹಡಗುಗಳೆಂದರೆ ಸುಮಾರು ಇಪ್ಪತ್ತು ದೊಡ್ಡ ಯುದ್ಧನೌಕೆಗಳು ಮತ್ತು ಇಪ್ಪತ್ತು ಫ್ರಿಗೇಟುಗಳು. ದೊಡ್ಡವುಗಳಲ್ಲಿ ಮೊದಲ ದರ್ಜೆಯವಕ್ಕೆ 72 ತೋಪುಗಳು. ಅಂದರೆ ಸುಲ್ತಾನನು ಬಯಸಿದ್ದು ಕರಾವಳಿಯ ಕಾವಲಿಗೆ ಬೇಕಾದ ದೋಣಿಗಳನ್ನಲ್ಲ. ಸಮುದ್ರದ ನಡುವೆ ಸಾಲುಗಟ್ಟಿ ನಿಂತು ಇಂಗ್ಲಿಷರ ಮತ್ತು ಫ್ರೆಂಚರ ಹಡಗುಗಳಿಗೆ ಸರಿಸಮನಾಗಿ ಕಾದಬಲ್ಲ ಒಂದು ಪೂರ್ಣ ನೌಕಾಪಡೆಯನ್ನು.

ಗಮನಿಸತಕ್ಕ ಅಂಶವೆಂದರೆ, ಇದು ಆಜ್ಞೆ. ಇಂತಿಷ್ಟು ಹಡಗುಗಳು ಆಗತಕ್ಕದ್ದು ಎಂದು ಅದು ವಿಧಿಸುತ್ತದೆಯೇ ಹೊರತು ಇಂತಿಷ್ಟು ಹಡಗುಗಳಿವೆ ಎಂದು ಎಣಿಸಿ ಹೇಳುವುದಿಲ್ಲ. ಆಗತಕ್ಕದ್ದು ಎಂಬುದು ಆಗಿತ್ತು ಎಂದು ಮಾರ್ಪಟ್ಟದ್ದು ನಮ್ಮ ಲೇಖನಿಗಳಲ್ಲಿ.

ಈ ದಾಖಲೆಯು ನಮಗೆ ದೊರೆತ ಬಗೆಯೂ ವಿಚಾರಾರ್ಹವಾದುದು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಸುಲ್ತಾನನ ಕಾಗದಪತ್ರಗಳು ಕಂಪೆನಿಯವರ ಕೈಸೇರಿದುವು. ಅವುಗಳಿಂದ ಆಯ್ದ ಪತ್ರಗಳನ್ನು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬವನು ಇಂಗ್ಲಿಷಿಗೆ ಭಾಷಾಂತರಿಸಿ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ನೌಕಾ ನಿಯಮಾವಳಿಯು ಆ ಗ್ರಂಥದ ಅನುಬಂಧದಲ್ಲಿದೆ. ಕರ್ಕ್‌ಪ್ಯಾಟ್ರಿಕ್‌ನು ತಟಸ್ಥ ವಿದ್ವಾಂಸನಲ್ಲ. ಟಿಪ್ಪುವಿನ ಮರಣಾನಂತರ ಮೈಸೂರು ರಾಜ್ಯವನ್ನು ಪಾಲುಮಾಡಿದ ಐವರು ಕಮಿಷನರುಗಳಲ್ಲಿ ಅವನೂ ಒಬ್ಬ. ಸುಲ್ತಾನನು ಕ್ರೂರಿ, ಮತಾಂಧ, ತಲೆಗೊಂದು ಯೋಜನೆಯನ್ನು ಹೊಸೆಯುವ ಚಪಲಚಿತ್ತ, ಚಿಲ್ಲರೆ ವ್ಯಾಪಾರಿ ಎಂಬ ತೀರ್ಪನ್ನು ಪೀಠಿಕೆಯಲ್ಲಿಯೇ ಕೊಟ್ಟು, ಆಮೇಲೆ ಅದಕ್ಕೆ ಒಪ್ಪುವಂತೆ ಪತ್ರಗಳನ್ನು ಓದುಗರ ಮುಂದಿಡುತ್ತಾನೆ. ಆಯ್ಕೆ ಅವನದು, ಟಿಪ್ಪಣಿ ಅವನದು. ಯಾವುದನ್ನು ಬಿಟ್ಟನೆಂಬುದನ್ನು ಅವನ ಗ್ರಂಥವನ್ನಷ್ಟೇ ಹಿಡಿದವರು ಅರಿಯಲಾರರು. ಆದರೆ ಇಂತಹವನೇ ನೌಕಾ ನಿಯಮಾವಳಿಯನ್ನು ನಮಗಾಗಿ ಉಳಿಸಿದನೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು. ಅವನಿಗೆ ಅದು ಸುಲ್ತಾನನ ಹುಚ್ಚಿನ ಸಾಕ್ಷಿ. ಮುಂದಿನವರಿಗೆ ಅದೇ ಸುಲ್ತಾನನ ದೂರದೃಷ್ಟಿಯ ಸಾಕ್ಷಿಯಾಯಿತು. ಎರಡು ಪಕ್ಷದವರೂ ಅದನ್ನು ಒಂದು ಕಾರ್ಯಾಲಯದ ಆಜ್ಞಾಪತ್ರವೆಂದು ಓದಲಿಲ್ಲ.

ಸಿ. ಹಯವದನರಾಯರ ಬೃಹದ್ಗ್ರಂಥವು 1943ರಿಂದ 1946ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದಿತು. ಮೊಹಿಬ್ಬುಲ್ ಹಸನರ ಟಿಪ್ಪು ಸುಲ್ತಾನನ ಇತಿಹಾಸವು 1951ರಲ್ಲಿ ಪ್ರಕಟವಾಯಿತು. ಇವರ ಪರಿಶ್ರಮಕ್ಕೆ ನಾವೆಲ್ಲರೂ ಋಣಿಗಳು. ವಿಶೇಷವಾಗಿ ಹಸನರು ಪಾರಸಿ ಮೂಲಗಳನ್ನು ತಾವೇ ಓದಬಲ್ಲವರಾಗಿದ್ದರು. ದೋಷವು ಸೇರಿಕೊಂಡದ್ದು ಇಂತಹ ದೊಡ್ಡ ಗ್ರಂಥಗಳಿಂದ ಕನ್ನಡದ ಕಿರುಹೊತ್ತಗೆಗಳಿಗೂ ಗೈಡುಗಳಿಗೂ ವಿಷಯವು ಇಳಿದು ಬರುವ ದಾರಿಯಲ್ಲಿ. ಯೋಜಿಸಿದನು ಎಂಬ ಕ್ರಿಯಾಪದ ಒಂದು ಮೆಟ್ಟಿಲು ಇಳಿದಾಗ ನಿರ್ಮಿಸತೊಡಗಿದನು ಎಂದಾಯಿತು. ಇನ್ನೊಂದು ಮೆಟ್ಟಿಲಿನಲ್ಲಿ ಹೊಂದಿದ್ದನು ಎಂದಾಯಿತು. 2015ರಲ್ಲಿ ಸರ್ಕಾರವು ಟಿಪ್ಪು ಜಯಂತಿಯನ್ನು ಆರಂಭಿಸಿದಾಗಲೂ 2019ರಲ್ಲಿ ಅದನ್ನು ಕೈಬಿಟ್ಟಾಗಲೂ ನಡೆದ ವಾದವಿವಾದಗಳಲ್ಲಿ ಈ ನಲವತ್ತು ಹಡಗುಗಳು ಒಬ್ಬರಿಗೆ ಕೀರ್ತಿಪತಾಕೆಯಾದುವು, ಇನ್ನೊಬ್ಬರಿಗೆ ಕಟ್ಟುಕಥೆಯಾದುವು. ಹಡಗು ತೇಲಿತೇ ಎಂದು ಕೇಳಿದವರು ವಿರಳ.

ಈಗ ಆ ಆಜ್ಞೆಯನ್ನು ಅಳೆದು ನೋಡೋಣ. ಎಪ್ಪತ್ತನಾಲ್ಕು ತೋಪಿನ ಒಂದು ಹಡಗಿಗೆ ಸುಮಾರು ಎರಡು ಸಾವಿರ ಬಲಿತ ಮರಗಳು ಬೇಕಾಗುತ್ತಿದ್ದುವೆಂಬುದು ಇಂಗ್ಲೆಂಡಿನ ನೌಕಾ ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಲೆಕ್ಕ. ಅದನ್ನು ನಡೆಸಲು ಐನೂರೈವತ್ತಕ್ಕೆ ಕಡಮೆಯಿಲ್ಲದ ಜನ ಬೇಕು. ಅಂತಹವು ಇಪ್ಪತ್ತಾದರೆ ದೊಡ್ಡ ಹಡಗುಗಳಿಗೇ ಹನ್ನೊಂದು ಸಾವಿರ ನಾವಿಕರು ಮತ್ತು ತೋಪುಗಾರರಾದರು. ಫ್ರಿಗೇಟುಗಳ ಲೆಕ್ಕ ಬೇರೆ. ಮರದ ಕೊರತೆ ನಮ್ಮಲ್ಲಿರಲಿಲ್ಲ. ಕನ್ನಡ ಜಿಲ್ಲೆಯ ಘಟ್ಟಗಳ ತೇಗವನ್ನು ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ನದಿಗಳು ಅಳಿವೆಯವರೆಗೆ ತೇಲಿಸಿ ತರಬಲ್ಲವು. ಆದರೆ ತೇಗವು ಹಡಗಾಗಬೇಕಾದರೆ ಇನ್ನೇನೇನು ಬೇಕೆಂಬುದಕ್ಕೆ ನಮ್ಮ ಪಶ್ಚಿಮ ಕರಾವಳಿಯಲ್ಲಿಯೇ ಒಂದು ಉದಾಹರಣೆಯಿದೆ.

ಮುಂಬಯಿಯ ಹಡಗುಕಟ್ಟೆಯ ಕತೆ ಅದು. ಸೂರತ್ತಿನ ಪಾರ್ಸಿ ಬಡಗಿ ಲವಜಿ ನಸರವಾನಜಿ ವಾಡಿಯಾ 1736ರಲ್ಲಿ ಮುಂಬಯಿಗೆ ಬಂದನು. 1750ರ ವೇಳೆಗೆ ಅಲ್ಲಿ ಕಲ್ಲಿನ ಒಣಕಟ್ಟೆ ಸಿದ್ಧವಾಯಿತು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಆ ವಿದ್ಯೆ ಇಳಿಯಿತು. ಇಂಗ್ಲಿಷ್ ಕಂಪೆನಿಯ ಹಣ, ಸಮುದ್ರದ ಮೇಲಿನ ನಿರಾತಂಕ ಒಡೆತನ, ಹೊರಗಿನಿಂದ ಬರುವ ಕಬ್ಬಿಣ ಮತ್ತು ತಾಮ್ರದ ಸಾಮಗ್ರಿ, ಇಷ್ಟೆಲ್ಲ ಅನುಕೂಲಗಳಿದ್ದೂ ಆ ಕಟ್ಟೆಯಿಂದ ಇಂಗ್ಲೆಂಡಿನ ರಾಜನೌಕಾದಳಕ್ಕೆ ಸಾಲುಯುದ್ಧದ ಮೊದಲನೆಯ ದೊಡ್ಡ ಹಡಗು ಇಳಿದದ್ದು 1810ರಲ್ಲಿ. ‘ಮಿಂಡೆನ್’ ಎಂಬ ಆ ಹಡಗಿಗೆ 74 ತೋಪು. ಅದನ್ನು ಕಟ್ಟಿದವನು ಅದೇ ವಾಡಿಯಾ ಮನೆತನದ ಜಮಶೇಟಜಿ ಬೊಮನಜಿ. ಮೊದಲ ಬಡಗಿ ಬಂದಂದಿನಿಂದ ಎಪ್ಪತ್ತನಾಲ್ಕು ವರ್ಷ ಕಳೆದಿದ್ದುವು! ಇದೇ ಕಟ್ಟೆಯಲ್ಲಿ ಮಲಬಾರಿನ ತೇಗದಿಂದ 1817ರಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಫ್ರಿಗೇಟು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ. ಮರವು ಉತ್ತಮವಾದುದೆಂಬುದಕ್ಕೆ ಬೇರೆ ಪ್ರಮಾಣ ಬೇಡ. 1796ರಲ್ಲಿ ಆಜ್ಞೆ, 1799ರಲ್ಲಿ ರಾಜ್ಯನಾಶ. ನಡುವಣ ಮೂರು ವರ್ಷಗಳಲ್ಲಿ, ಮೂರು ಅಳಿವೆಗಳಲ್ಲಿ, ಇಪ್ಪತ್ತು ‘ಮಿಂಡೆನ್’ಗಳು ಹುಟ್ಟಿದುವೆಂದು ನಂಬಲು ಚರಿತ್ರೆಕಾರನಿಗೆ ಸಾಧ್ಯವಿಲ್ಲ.

ತರಗತಿಯಲ್ಲಿ ಈ ಲೆಕ್ಕವನ್ನು ಹೇಳಿದಾಗ ಒಬ್ಬ ವಿದ್ಯಾರ್ಥಿ ಎದ್ದು ಆಡಿದ ಮಾತು ನನಗೆ ಉಪಯುಕ್ತವೆನಿಸಿತು. ಅವನ ತಂದೆ ನಮ್ಮ ನೆರೆಯ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಮಾಡಿ ನಿವೃತ್ತರಾದವರು. “ಡ್ರಾಯಿಂಗ್ ಬಂದ ದಿನವೇ ಯಂತ್ರ ಬಂದ ಹಾಗಲ್ಲ ಎಂದು ಮನೆಯಲ್ಲಿ ಅಪ್ಪ ಯಾವಾಗಲೂ ಹೇಳುತ್ತಾರೆ ಸಾರ್” ಎಂದನು. ಜಾಲಹಳ್ಳಿಯಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಸ್ಥಾಪನೆಗೊಂಡಾಗ ಫ್ರಾನ್ಸಿನ ಸಿ.ಎಸ್.ಎಫ್. ಎಂಬ ಕಂಪೆನಿಯ ತಾಂತ್ರಿಕ ಸಹಕಾರವನ್ನು ಪಡೆಯಲಾಯಿತು. ನಮ್ಮ ನೌಕಾದಳದ ಹಡಗುಗಳಿಗೆ ರೇಡಾರುಗಳನ್ನೂ ನೀರಿನಡಿಯ ಸದ್ದನ್ನು ಗುರುತಿಸುವ ಸೋನಾರುಗಳನ್ನೂ ಈಗ ಒದಗಿಸುವುದು ಅದೇ ಸಂಸ್ಥೆ. ಟಿಪ್ಪುವೂ 1788ರಲ್ಲಿ ತನ್ನ ರಾಯಭಾರಿಗಳ ಮೂಲಕ ಹದಿನಾರನೆಯ ಲೂಯಿಯಿಂದ ಕೇಳಿದವುಗಳಲ್ಲಿ ಫ್ರೆಂಚ್ ಕುಶಲಕರ್ಮಿಗಳು ಸೇರಿದ್ದರು. ಕೇಳಿದ ನೆರವು ಎರಡು ಸಲವೂ ಒಂದೇ ದೇಶದ್ದು. ನೆರವಿನ ಸುತ್ತ ಇಲ್ಲಿ ಏನು ಬೆಳೆಯಿತು, ಏನು ಬೆಳೆಯಲಿಲ್ಲ ಎಂಬುದೇ ಕೇಳಬೇಕಾದ ಪ್ರಶ್ನೆ.

ಅದಕ್ಕೆ ಉತ್ತರವನ್ನು 1796ರಲ್ಲಿ ಅಲ್ಲ, ಅದಕ್ಕೂ ಹಿಂದಿನ ಮೂವತ್ತು ವರ್ಷಗಳಲ್ಲಿ ಹುಡುಕಬೇಕು. ಹೈದರನು 1763ರಲ್ಲಿ ಬಿದನೂರನ್ನು ಗೆದ್ದಾಗ ಕೆಳದಿಯ ಅರಸರ ಕರಾವಳಿಯೂ ಅವನ ಕೈಸೇರಿತು. ಹೊನ್ನಾವರ, ಮಂಗಳೂರುಗಳಲ್ಲಿ ಹಡಗುಗಳನ್ನು ಕಟ್ಟಿಸತೊಡಗಿದನು. ಕಣ್ಣಾನೂರಿನ ಅಲಿರಾಜನನ್ನು ನೌಕಾಧಿಪತಿಯನ್ನಾಗಿ ಮಾಡಿದನೆಂದೂ, ಅವನು ಮಾಲ್ದೀವ್ ದ್ವೀಪಗಳನ್ನು ಗೆದ್ದು ಅಲ್ಲಿನ ಸುಲ್ತಾನನ ಕಣ್ಣು ಕೀಳಿಸಿ ತಂದನೆಂದೂ, ಇದನ್ನು ಕಂಡು ಹೈದರನು ನೊಂದು ಅವನಿಂದ ಅಧಿಕಾರವನ್ನು ಕಸಿದನೆಂದೂ ಒಂದು ಪ್ರಸಿದ್ಧ ಕಥೆಯಿದೆ. ಇದನ್ನು ಹೇಳಿದವನು ಹೈದರನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಮೇತ್ರ್ ದ ಲಾ ತೂರ್. ಅವನ ಪುಸ್ತಕ 1783ರದು. ಆದರೆ ಮಾಲ್ದೀವ್‌ನ ಇತಿಹಾಸವು ಕಣ್ಣಾನೂರಿನವರ ದಾಳಿಯನ್ನೂ ತಮ್ಮ ಸುಲ್ತಾನನು ಸೆರೆಯಾದುದನ್ನೂ 1752ಕ್ಕೆ ಸೇರಿಸುತ್ತದೆ. ಆಗ ಹೈದರನಿಗೆ ಕರಾವಳಿಯ ಒಂದು ಗೇಣು ನೆಲವೂ ಇರಲಿಲ್ಲ. ಹಳೆಯ ಘಟನೆಯೊಂದು ಹೊಸ ಯಜಮಾನನ ಹೆಸರಿಗೆ ಅಂಟಿಕೊಂಡಿತೆಂದು ತೋರುತ್ತದೆ. ಆದುದರಿಂದ ಮಾಲ್ದೀವ್ ವಿಜಯವನ್ನು ಮೈಸೂರಿನ ನೌಕಾಬಲದ ಮೊದಲ ಸಾಧನೆಯೆಂದು ಬರೆಯುವ ರೂಢಿಯನ್ನು ನಾವು ಬಿಡುವುದು ಲೇಸು.

1768ರ ಘಟನೆಗೆ ಇದಕ್ಕಿಂತ ಗಟ್ಟಿಯಾದ ಆಧಾರವಿದೆ. ಆ ವರ್ಷದ ಆರಂಭದಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷ್ ನೌಕಾಪಡೆಯು ಮಂಗಳೂರನ್ನು ಹಿಡಿಯಿತು. ಹೈದರನು ನೌಕೆಗಳ ಮೇಲೆ ಲುತ್ಫ್ ಅಲಿ ಬೇಗ್ ಎಂಬ ಕುದುರೆಪಡೆಯ ಸರದಾರನನ್ನು ನೇಮಿಸಿದ್ದನು. ಹಡಗಿನ ನಾಯಕರು ಇದರಿಂದ ಅಸಮಾಧಾನಗೊಂಡು ಹಡಗುಗಳೊಡನೆ ಇಂಗ್ಲಿಷರ ಕಡೆಗೆ ಸೇರಿದರು ಎಂದು ವಿಲ್ಕ್ಸ್ ಬರೆಯುತ್ತಾನೆ. ಕೋಟೆ ಕೆಲವೇ ತಿಂಗಳಲ್ಲಿ ಮರಳಿ ದೊರೆಯಿತು. ಹೋದ ಹಡಗುಗಳು ಬರಲಿಲ್ಲ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್‌ನು ಮಂಗಳೂರಿನ ಅಳಿವೆಯಲ್ಲಿದ್ದ ಹಡಗುಗಳನ್ನು ಸುಟ್ಟು ಹಾಳುಮಾಡಿದನು. 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ದಂಡು ಹೊನ್ನಾವರದಿಂದ ಮಂಗಳೂರಿನವರೆಗೆ ಕರಾವಳಿಯನ್ನೇ ಹಿಡಿಯಿತು. ಹೀಗೆ ಹದಿನೈದು ವರ್ಷಗಳಲ್ಲಿ ಮೂರು ಸಲ ಎಲ್ಲವೂ ಅಳಿಸಿಹೋಯಿತು. ಪ್ರತಿ ಸಲವೂ ಆಜ್ಞೆಯು ಹೊಸದಾಗಿ ಹೊರಟಿತು. ಹಡಗನ್ನು ಕಂಡ ಕಣ್ಣು, ಅದನ್ನು ನಡೆಸಿದ ಕೈ ಅಲ್ಲಿ ನಿಂತು ಬೆಳೆಯಲಿಲ್ಲ.

ತಾನು ನೆಲದ ಮೇಲೆ ಇಂಗ್ಲಿಷರನ್ನು ಹಾಳುಮಾಡಬಲ್ಲೆನಾದರೂ ಸಮುದ್ರವನ್ನು ಬತ್ತಿಸಲಾರೆನೆಂದು ಹೈದರನು ಕೊನೆಗಾಲದಲ್ಲಿ ಪೂರ್ಣಯ್ಯನೊಡನೆ ಹೇಳಿಕೊಂಡನೆಂಬ ಮಾತು ಎಲ್ಲರಿಗೂ ಪರಿಚಿತವಾದುದು. ಇದೂ ವಿಲ್ಕ್ಸ್‌ನಿಂದ ಬಂದುದು. ವಿಲ್ಕ್ಸ್ 1803ರಿಂದ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದನು. ಪೂರ್ಣಯ್ಯ ಆಗ ಇಂಗ್ಲಿಷರ ಆಶ್ರಯದ ದಿವಾನ. ಇಪ್ಪತ್ತು ವರ್ಷಗಳ ಹಿಂದಿನ ಏಕಾಂತದ ಮಾತನ್ನು ಸೋತ ಪಕ್ಷದ ಮಂತ್ರಿಯು ಗೆದ್ದ ಪಕ್ಷದ ಪ್ರತಿನಿಧಿಗೆ ಹೇಳುವಾಗ ಅದು ಎಷ್ಟು ಹದಗೊಂಡಿತೋ ಯಾರು ಬಲ್ಲರು? ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದರಿಂದಾಗಿ ಸಮುದ್ರವು ಇಂಗ್ಲಿಷರಿಗೆ ವಿಧಿಯೇ ಬರೆದುಕೊಟ್ಟ ಸೊತ್ತು ಎಂಬ ಭಾವನೆ ನಮ್ಮ ಬರಹಗಳಲ್ಲಿ ಬೇರೂರಿದೆ. ಸಮುದ್ರವನ್ನು ಯಾರೂ ಬತ್ತಿಸಬೇಕಾಗಿರಲಿಲ್ಲ. ಸಮುದ್ರದ ಜನರನ್ನು ಉಳಿಸಿಕೊಳ್ಳಬೇಕಾಗಿತ್ತು.

ಟಿಪ್ಪುವಿನ ಪತ್ರಗಳಲ್ಲಿ ಈ ದೃಷ್ಟಿಯಿಂದ ನನಗೆ ಅತ್ಯಂತ ಮಹತ್ತ್ವದ್ದಾಗಿ ಕಂಡುದು ಯುದ್ಧಕ್ಕೆ ಸಂಬಂಧಿಸಿದ್ದಲ್ಲ. ಮಸ್ಕತ್ತಿನಲ್ಲಿ ಅವನದೊಂದು ವ್ಯಾಪಾರದ ಕೋಠಿಯಿತ್ತು. ಅಲ್ಲಿಯ ದರೋಗನಿಗೆ ಬರೆದ ಪತ್ರವೊಂದರಲ್ಲಿ ರೇಷ್ಮೆಹುಳು, ಕೇಸರಿಯ ಬೀಜ ಮುಂತಾದವುಗಳೊಡನೆ, ‘ಧೋ’ ಎಂಬ ಅರಬ್ಬೀ ಹಡಗನ್ನು ಕಟ್ಟಬಲ್ಲ ಹತ್ತು ಮಂದಿ ಬಡಗಿಗಳನ್ನು ಕಳುಹಿಸಬೇಕೆಂದು ಸುಲ್ತಾನನು ಕೇಳುತ್ತಾನೆ. ಮೈಸೂರಿನ ರೇಷ್ಮೆ ಇಂತಹ ಪತ್ರಗಳಿಂದ ಬೆಳೆಯಿತೆಂದು ನಾವು ಹೆಮ್ಮೆಪಡುತ್ತೇವೆ; ಅದು ಯೋಗ್ಯವೇ. ಆದರೆ ಬಡಗಿಗಳ ವಿಷಯ ಚಿಂತನೀಯವಾದುದು. ಬಸರೂರು, ಹೊನ್ನಾವರ, ಮಂಗಳೂರುಗಳಿಂದ ಶತಮಾನಗಳ ಕಾಲ ಅಕ್ಕಿಯನ್ನೂ ಮೆಣಸನ್ನೂ ಅರಬಸ್ಥಾನಕ್ಕೆ ಸಾಗಿಸಿದ ಕರಾವಳಿ ಇದು. ಮಂಜಿಗಳನ್ನೂ ಪತ್ತೆಮಾರಿಗಳನ್ನೂ ಕಟ್ಟುವವರು ಅಳಿವೆಯ ಬದಿಯಲ್ಲೇ ಇದ್ದರು. ಆ ಕರಾವಳಿಯ ಒಡೆಯನು ಹತ್ತು ಬಡಗಿಗಳಿಗಾಗಿ ಮಸ್ಕತ್ತಿಗೆ ಬರೆಯಬೇಕಾಗಿ ಬಂತು. ಹಾಗೆ ಕೇಳಿದ್ದು ಹತ್ತು ಮಂದಿಯನ್ನು. ಹತ್ತು ವರ್ಷಗಳ ಮೇಲೆ ಆಜ್ಞಾಪಿಸಿದ್ದು ನಲವತ್ತು ಹಡಗುಗಳನ್ನು.

1786ರ ಮಾರ್ಚಿನಲ್ಲಿ ತದಡಿಯಿಂದ ಹೊರಟ ತುರ್ಕಿಯ ರಾಯಭಾರವನ್ನೂ ಇಲ್ಲಿ ನೆನೆಯಬಹುದು. ಮೆಣಸು, ಗಂಧ, ಏಲಕ್ಕಿಗಳನ್ನು ತುಂಬಿಕೊಂಡು ನಾಲ್ಕು ಹಡಗುಗಳು ಬಸರಾಕ್ಕೆ ಹೊರಟುವು. ಇದರ ದಿನಚರಿಯನ್ನು ಖ್ವಾಜಾ ಅಬ್ದುಲ್ ಖಾದಿರನು ಪಾರಸಿಯಲ್ಲಿ ಬರೆದಿಟ್ಟಿದ್ದಾನೆ. ಅದನ್ನು ಮೊಹಿಬ್ಬುಲ್ ಹಸನರು 1968ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಮಂಗಳೂರಿನ ಬಂದರಿಗೆ ಬದಲಾಗಿ ಬಸರಾ ಬಂದರನ್ನು ಕೇಳುವುದು ರಾಯಭಾರದ ಉದ್ದೇಶಗಳಲ್ಲೊಂದು. ಉದ್ದೇಶ ಭವ್ಯವಾದುದು. ಹಡಗುಗಳ ಗತಿಯಾದರೋ ಬೆಂಕಿಗೂ ಬಿರುಗಾಳಿಗೂ ಸಿಕ್ಕಿ ನಷ್ಟವಾಯಿತು. ಹೋದ ನೂರಾರು ಮಂದಿಯಲ್ಲಿ ಬಹುಮಂದಿ ರೋಗರುಜಿನಗಳಿಂದ ಮಡಿದು ಮರಳಿ ಬರಲೇ ಇಲ್ಲ.

ನೌಕಾಬಲದ ಈ ಚರಿತ್ರೆಯ ಪಕ್ಕದಲ್ಲಿ ಬಾಣಗಳ ಚರಿತ್ರೆಯನ್ನಿಟ್ಟು ನೋಡಿದರೆ ಮಾತ್ರ ಎರಡೂ ಸ್ಪಷ್ಟವಾಗುತ್ತವೆ. ಬಾಣವೆಂದರೆ ಇಲ್ಲಿ ಬಿಲ್ಲಿನದಲ್ಲ. ಮದ್ದು ತುಂಬಿದ ಕಬ್ಬಿಣದ ಕೊಳವೆಯನ್ನು ಉದ್ದನೆಯ ಬಿದಿರಿಗೆ ಬಿಗಿದು ಹಾರಿಸುವ ರಾಕೆಟ್ಟು. ಇದು ಮೈಸೂರಿನಲ್ಲಿಯೇ ಹುಟ್ಟಿದ್ದೆಂದು ಹೇಳುವುದು ತಪ್ಪು. ಮೊಗಲರೂ ಮರಾಠರೂ ಬಾಣಗಳನ್ನು ಬಳಸುತ್ತಿದ್ದರು. ಹೈದರನ ತಂದೆ ಫತ್ತೆ ಮುಹಮ್ಮದನೇ ಆರ್ಕಾಟಿನ ನವಾಬನಲ್ಲಿ ಐವತ್ತು ಮಂದಿ ಬಾಣಗಾರರ ತುಕಡಿಗೆ ನಾಯಕನಾಗಿದ್ದನೆಂದು ಹೇಳುತ್ತಾರೆ. ಮೈಸೂರಿನ ವಿಶೇಷವಿದ್ದುದು ಕೊಳವೆಯಲ್ಲಿ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ರೊದ್ದಂ ನರಸಿಂಹ ಅವರು 1985ರಲ್ಲಿ ಈ ವಿಷಯವನ್ನು ವಿಜ್ಞಾನಿಯ ದೃಷ್ಟಿಯಿಂದ ಪರಿಶೀಲಿಸಿ ಇದನ್ನೇ ಎತ್ತಿಹೇಳಿದರು: ಒಳ್ಳೆಯ ಕಬ್ಬಿಣದ ಕೊಳವೆಯು ಮದ್ದಿನ ಒತ್ತಡವನ್ನು ಹೆಚ್ಚಾಗಿ ತಾಳಬಲ್ಲುದಾದುದರಿಂದ ಬಾಣವು ಹೆಚ್ಚು ದೂರ ಹಾರಿತು. ಆ ಕಬ್ಬಿಣ ಎಲ್ಲಿಂದ ಬಂತು? 1800-01ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಮಧುಗಿರಿಯ ಸುತ್ತಿನ ಊರುಗಳಲ್ಲಿ ಅದಿರನ್ನು ಕರಗಿಸುವ ಕುಲುಮೆಗಳನ್ನೂ ಉಕ್ಕನ್ನು ಮಾಡುವ ಮೂಸೆಗಳನ್ನೂ ಕಂಡು, ಕೂಲಿ, ಇದ್ದಲು, ಅದಿರುಗಳ ಪ್ರಮಾಣಸಮೇತ ವರ್ಣಿಸಿದ್ದಾನೆ. ಆ ಕುಲುಮೆಗಳು ಸುಲ್ತಾನನ ಆಜ್ಞೆಯಿಂದ ಹುಟ್ಟಿದವಲ್ಲ. ಆಜ್ಞೆ ಹೊರಡುವ ಮೊದಲೇ ಉರಿಯುತ್ತಿದ್ದವು.

ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರು ಈ ನಾಲ್ಕು ಕಡೆಗಳಲ್ಲಿ ತಾರಾಮಂಡಲವೆಂದು ಕರೆಯಲಾದ ಕಾರ್ಖಾನೆಗಳಿದ್ದುವು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ತಾರಾಮಂಡಲಪೇಟೆಯೆಂಬ ಹೆಸರು ಇಂದಿಗೂ ಉಳಿದಿದೆ. ದಿನವೂ ಅದನ್ನು ದಾಟಿಹೋಗುವವರಿಗೆ ಅದು ನಕ್ಷತ್ರಗಳಿಗೆ ಸಂಬಂಧಿಸಿದ ಹೆಸರಾಗಿ ಮಾತ್ರ ಕೇಳಿಸುತ್ತದೆ. ಸೈನ್ಯಕ್ಕಾಗಿ ಬರೆಸಿದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಕೈಪಿಡಿಯಲ್ಲಿ ಬಾಣಗಾರರಿಗೆ ಪ್ರತಿಯೊಂದು ದಳದಲ್ಲಿಯೂ ಗೊತ್ತಾದ ಸ್ಥಾನವನ್ನು ಕೊಟ್ಟಿದೆ. ಈ ಆಜ್ಞೆಯೂ ಕಾಗದದ ಮೇಲಿನದೇ. ಆದರೆ ಇಲ್ಲಿ ಕಾಗದವನ್ನು ಪರೀಕ್ಷಿಸಲು ಬೇರೆ ಸಾಕ್ಷಿಗಳಿವೆ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ದಂಡಿನ ಮದ್ದಿನ ಬಂಡಿಗಳು ಸಿಡಿದುವು. ಬಾಣದಿಂದಲೇ ಹಾಗಾಯಿತೆಂದು ಹಲವರ ಹೇಳಿಕೆ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಬಾಣಗಳ ಮಳೆಗೆ ಸಿಕ್ಕಿದ ಆರ್ಥರ್ ವೆಲ್ಲೆಸ್ಲಿಯು ದಾರಿತಪ್ಪಿ ಹಿಮ್ಮೆಟ್ಟಿದನು. ಇವು ಶತ್ರುಗಳೇ ಬರೆದಿಟ್ಟ ಸಾಕ್ಷ್ಯಗಳು. ಎಲ್ಲಕ್ಕೂ ಮಿಗಿಲಾದುದು ನೆಲದ ಸಾಕ್ಷ್ಯ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರ ಕೆಸರಿನಿಂದ ಪುರಾತತ್ತ್ವ ಇಲಾಖೆಯವರು ಸಾವಿರಕ್ಕೂ ಮಿಗಿಲಾದ ಬಾಣದ ಕೊಳವೆಗಳನ್ನು ಹೊರತೆಗೆದರು. ತುಕ್ಕು ಹಿಡಿದಿದ್ದರೂ ಕೈಯಲ್ಲಿ ಹಿಡಿಯಬಹುದಾದ, ತೂಗಬಹುದಾದ ವಸ್ತ್ವಾಧಾರವದು.

ಇಂಗ್ಲಿಷರು ಶ್ರೀರಂಗಪಟ್ಟಣದಿಂದ ಒಯ್ದ ಬಾಣಗಳ ಮಾದರಿಯಿಂದ ವಿಲಿಯಂ ಕಾಂಗ್ರೀವ್‌ನು ವುಲ್ಲಿಚ್‌ನಲ್ಲಿ ತನ್ನ ರಾಕೆಟ್ಟುಗಳನ್ನು ಬೆಳೆಸಿದನು. ಅವುಗಳನ್ನು 1806ರಲ್ಲಿ ಬೂಲೋನ್ ಬಂದರಿನ ಮೇಲೆ ಹಾರಿಸಿದ್ದು ಸಮುದ್ರದಿಂದ, ದೋಣಿಗಳ ಮೇಲಿನಿಂದ. 1807ರಲ್ಲಿ ಕೋಪನ್‌ಹೇಗನ್ ನಗರವೂ ಇಂತಹ ರಾಕೆಟ್ಟುಗಳಿಗೆ ಗುರಿಯಾಯಿತು. ಮೈಸೂರಿನ ಬಾಣವು ಸಮುದ್ರಕ್ಕಿಳಿದದ್ದು ಹೀಗೆ, ಪರರ ದೋಣಿಗಳಲ್ಲಿ.

ಬಾಣವು ಸಿದ್ಧಿಸಿ ಹಡಗು ಸಿದ್ಧಿಸದಿರಲು ಕಾರಣವೇನು? ಸುಲ್ತಾನನ ಉತ್ಸಾಹವು ಎರಡರಲ್ಲಿಯೂ ಒಂದೇ. ಹಣದ ಅಂತರವನ್ನು ಒಪ್ಪಬೇಕು. 1792ರ ಒಪ್ಪಂದದಂತೆ ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳೂ ಕೈಬಿಟ್ಟುಹೋದ ಮೇಲೆ ನೌಕಾಪಡೆಯನ್ನು ಕಟ್ಟಹೊರಟದ್ದು ಸಾಹಸವೇ ಸರಿ. ಮಲಬಾರು ಹೋಗಿದ್ದರೂ ಕನ್ನಡ ಜಿಲ್ಲೆಯ ಕರಾವಳಿಯು ಮಾತ್ರ ಅವನಲ್ಲಿಯೇ ಉಳಿದಿತ್ತು. ಕಾಲ ಸಾಲಲಿಲ್ಲವೆಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ನನಗೆ ಅದು ಪೂರ್ತಿಯಾಗಿ ಒಪ್ಪಿಗೆಯಾಗುವುದಿಲ್ಲ. 1763ರಿಂದ 1799ರವರೆಗೆ ಮೂವತ್ತಾರು ವರ್ಷಗಳು ದೊರೆತಿದ್ದುವು. ಬಾಣದ ಹಿಂದೆ ಒಳನಾಡಿನ ಕಮ್ಮಾರನೂ ಮದ್ದುಗಾರನೂ ಬಿದಿರು ಕಡಿಯುವವನೂ ತಮ್ಮ ತಮ್ಮ ಊರುಗಳಲ್ಲಿ ನೆಲೆನಿಂತಿದ್ದರು. ಹಡಗಿನ ಹಿಂದೆ ನಿಲ್ಲಬೇಕಾದ ಕರಾವಳಿಯು ಅದೇ ವರ್ಷಗಳಲ್ಲಿ ಕಲಕಿಹೋಗಿತ್ತು. 1784ರಲ್ಲಿ ಸಾವಿರಾರು ಮಂದಿ ಕ್ರೈಸ್ತರನ್ನು ಮಂಗಳೂರಿನ ಸೀಮೆಯಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು. ಅದರ ರಾಜಕೀಯ ಕಾರಣಗಳನ್ನು ಯಾರು ಹೇಗಾದರೂ ವಿವರಿಸಲಿ, ಕರಾವಳಿಯ ಒಂದು ದೊಡ್ಡ ಜನಸಮುದಾಯವು ಬೇರುಸಹಿತ ಕಿತ್ತುಹೋದದ್ದು ನಿಜ. ಮೆಣಸು, ಗಂಧ, ಏಲಕ್ಕಿಗಳ ವ್ಯಾಪಾರವು ಸರ್ಕಾರದ ಕೋಠಿಗಳಿಗೆ ಮೀಸಲಾಯಿತು. ತನ್ನ ಸ್ವಂತ ಸರಕಿಲ್ಲದ ವರ್ತಕನು ಹಡಗು ಕಟ್ಟಿಸುವುದೇಕೆ? ವರ್ತಕನು ಕಟ್ಟಿಸದಿದ್ದರೆ ಬಡಗಿಯ ಮಗನು ಆ ಕೆಲಸವನ್ನು ಕಲಿಯುವುದೆಲ್ಲಿ? ಯುದ್ಧನೌಕೆಯು ವ್ಯಾಪಾರದ ನೌಕೆಯ ಬೆನ್ನ ಮೇಲೆ ಹುಟ್ಟುವುದೆಂಬುದನ್ನು ಮುಂಬಯಿಯ ವಾಡಿಯಾಗಳ ಚರಿತ್ರೆಯು ತೋರಿಸುತ್ತದೆ. ಹುಕುಮ್‌ನಾಮೆಯು ಆ ಮೊದಲ ಮೆಟ್ಟಿಲನ್ನು ತಾನೇ ಕಿತ್ತು, ಕೊನೆಯ ಮೆಟ್ಟಿಲಿನ ಮೇಲೆ ಕಾಲಿಡಬಯಸಿತು. ಕರ್ಕ್‌ಪ್ಯಾಟ್ರಿಕ್‌ನು ಇದನ್ನು ಚಪಲವೆಂದನು. ಚಪಲವಲ್ಲ, ಕೊರತೆ ಯಾವುದೆಂಬುದನ್ನು ಸುಲ್ತಾನನು ಸರಿಯಾಗಿ ಕಂಡಿದ್ದನು. ಅದನ್ನು ತುಂಬುವವರು ಯಾರೆಂಬುದನ್ನು ಕಾಣಲಿಲ್ಲ.

1799ರಲ್ಲಿ ಮುಂಬಯಿಯ ದಂಡು ಹಡಗುಗಳಲ್ಲಿ ಬಂದು ಮಲಬಾರಿನಲ್ಲಿಳಿದು ಕೊಡಗಿನ ಮೂಲಕ ಘಟ್ಟವನ್ನೇರಿತು. ಸಮುದ್ರದ ಮೇಲೆ ಅದನ್ನು ತಡೆಯುವವರಿರಲಿಲ್ಲ. ಇಷ್ಟೊಂದು ಸಾಕ್ಷ್ಯ ನಲವತ್ತು ಹಡಗುಗಳ ವಿಷಯದಲ್ಲಿ ಸಾಕೆಂದು ತೋರುತ್ತದೆ.

ಇನ್ನು ಸ್ಥಳಗಳ ಮಾತು. ಹುಕುಮ್‌ನಾಮೆಯಲ್ಲಿ ಮಂಗಳೂರನ್ನು ಜಮಾಲಾಬಾದ್ ಎಂದೂ, ಮಿರ್ಜಾನಿನ ಬಳಿಯ ಅಂಗಳವನ್ನು ವಾಜಿದಾಬಾದ್ ಎಂದೂ, ಸದಾಶಿವಗಡವನ್ನು ಮಾಜಿದಾಬಾದ್ ಎಂದೂ ಕರೆದಿದೆ. ಬೆಳ್ತಂಗಡಿಯ ಬಳಿಯ ಜಮಾಲಾಬಾದ್ ಗಡವೇ ಇದೆಂದು ತಿಳಿದವರಿದ್ದಾರೆ. ಆ ಬಂಡೆಯ ನೆತ್ತಿಯ ಮೇಲೆ ಹಡಗು ಕಟ್ಟುವ ಬಗೆ ಹೇಗೆಂದು ಅವರು ಯೋಚಿಸಿದಂತಿಲ್ಲ. ಮಂಗಳೂರಿನ ಬೋಳೂರಿನಲ್ಲಿ ಗುರುಪುರ ಹೊಳೆಯ ದಡದಲ್ಲಿ ಸುಲ್ತಾನ್ ಬತ್ತೇರಿ ಇಂದಿಗೂ ನಿಂತಿದೆ. ಅದು ಹಡಗುಗಳನ್ನು ಹೊರಗೆ ಕಳುಹಿಸಲು ಕಟ್ಟಿದ್ದಲ್ಲ, ಒಳಗೆ ಬರುವುದನ್ನು ತಡೆಯಲು ಕಟ್ಟಿದ್ದು. ಮಿರ್ಜಾನಿನ ಕೋಟೆಯಲ್ಲಿ ಪುರಾತತ್ತ್ವ ಇಲಾಖೆಯ ಉತ್ಖನನ ನಡೆದಿದೆ. ತದಡಿಯವರೆಗಿನ ಅಘನಾಶಿನಿಯ ಅಳಿವೆಯ ದಡಗಳನ್ನು ಹಡಗುಕಟ್ಟೆಯ ದೃಷ್ಟಿಯಿಂದ ಶೋಧಿಸುವುದು ಯಾವುದಾದರೂ ಕಾಲೇಜಿನ ಇತಿಹಾಸ ವಿಭಾಗಕ್ಕೆ ಯೋಗ್ಯವಾದ ಕೆಲಸ. ಸದಾಶಿವಗಡವಂತೂ ಕಾಳಿನದಿಯ ಅಳಿವೆಯಲ್ಲಿ, ಕಾರವಾರದ ಎದುರಿಗಿದೆ. ಅದೇ ಕಾರವಾರದ ತೆಂಕಣ ಕರಾವಳಿಯಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು, ಐ.ಎನ್.ಎಸ್. ಕದಂಬವೆಂಬ ಹೆಸರಿನಿಂದ ಅದು ಸೇವೆಗೆ ಸೇರಿದ್ದು 2005ರಲ್ಲಿ. ಸ್ವತಂತ್ರ ಭಾರತಕ್ಕೂ ಅಲ್ಲಿ ಹತ್ತೊಂಬತ್ತು ವರ್ಷ ಹಿಡಿಯಿತು. ಸಾವಿರಾರು ಕುಟುಂಬಗಳು, ಅವರಲ್ಲಿ ಕಡಲನ್ನೇ ನಂಬಿದ ಮೀನುಗಾರರು ಬಹುಮಂದಿ, ಮನೆಮಾರು ಬಿಟ್ಟು ಏಳಬೇಕಾಯಿತು. ಅವರ ಪರಿಹಾರದ ಮೊಕದ್ದಮೆಗಳು ನೌಕಾನೆಲೆಯ ಉದ್ಘಾಟನೆಯಾದ ಮೇಲೂ ವರ್ಷಗಟ್ಟಲೆ ನಡೆದುವು.

ಪ್ರಸ್ತುತ ವರ್ಷದಿಂದ ನಾನು ತರಗತಿಯ ಕರಿಹಲಗೆಯ ಮೇಲೆ ಎರಡು ಅಂಕಣಗಳನ್ನು ಎಳೆಯತೊಡಗಿದ್ದೇನೆ. ಎಡಗಡೆ ಆಜ್ಞಾಪಿಸಿದ್ದು, ಬಲಗಡೆ ಕಂಡುಬಂದದ್ದು. ಬಾಣಗಳ ಸಾಲಿನಲ್ಲಿ ಎರಡು ಅಂಕಣಗಳೂ ತುಂಬುತ್ತವೆ. ಹಡಗುಗಳ ಸಾಲಿಗೆ ಬಂದಾಗ ವಿದ್ಯಾರ್ಥಿಗಳು ಬಲಗಡೆ ತದಡಿಯಿಂದ ಹೊರಟ ನಾಲ್ಕನ್ನೂ ಮಂಗಳೂರಿನಲ್ಲಿ ಹ್ಯೂಸ್‌ನು ಸುಟ್ಟವನ್ನೂ ಬರೆಯುತ್ತಾರೆ. 1796ರ ಎದುರಿಗೆ ಸೀಮೆಸುಣ್ಣವನ್ನು ಕೆಳಗಿಡುತ್ತಾರೆ.